ಸ್ಕ್ರೀನ್ ಅಳತೆ: ಪ್ರೋಗ್ರಾಂ ಕೇಳುವುದೊಂದು, ವಿಂಡೋಸ್ ಹೇಳುವುದೊಂದು

ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ 1920×1080 ಎಂದಿರುತ್ತದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಓಡುವ ಪ್ರೋಗ್ರಾಂ ಸ್ಕ್ರೀನ್ ಅಳತೆ ಕೇಳಿದರೆ ವಿಂಡೋಸ್ 1536×864 ಎಂದುಬಿಡಬಹುದು. ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯಲು ಹೊಸದಾಗಿ ಕೂತವರು ತಲೆ ಕೆರೆದುಕೊಳ್ಳುವುದು ಇಲ್ಲೇ.

ಕೇಳುವುದೇನೋ ಸುಲಭ. ಪೈಥಾನ್‌ನ ಟಿಕೆಇಂಟರ್‌ನಲ್ಲಿ ವಿನ್‌ಫೋ_ಸ್ಕ್ರೀನ್‌ವಿಡ್ತ್ ಮತ್ತು ವಿನ್‌ಫೋ_ಸ್ಕ್ರೀನ್‌ಹೈಟ್ ಎಂಬ ಎರಡು ಫಂಕ್ಷನ್ ಸಾಕು. ಜಾವಾದಲ್ಲಿ ಟೂಲ್‌ಕಿಟ್ ಕ್ಲಾಸಿನ ಗೆಟ್‌ಸ್ಕ್ರೀನ್‌ಸೈಜ್, ನೇರವಾಗಿ ವಿಂಡೋಸನ್ನೇ ಕೇಳುವುದಾದರೆ ಗೆಟ್‌ಸಿಸ್ಟಮ್‌ಮೆಟ್ರಿಕ್ಸ್. ಬಂದ ಸಂಖ್ಯೆಯ ಅರ್ಥವೇನು ಎಂಬುದೇ ಕಷ್ಟದ ಭಾಗ.

ಚಿಕ್ಕ ಪರದೆಯಲ್ಲಿ ಅಕ್ಷರ ಓದಲಾಗುವಂತೆ ವಿಂಡೋಸ್ ಎಲ್ಲವನ್ನೂ ಶೇ. 125 ಅಥವಾ 150ಕ್ಕೆ ಹಿಗ್ಗಿಸಿರುತ್ತದೆ. ಈ ಹಿಗ್ಗುವಿಕೆ ತನಗೆ ಗೊತ್ತು ಎಂದು ಪ್ರೋಗ್ರಾಂ ಮೊದಲೇ ಘೋಷಿಸದಿದ್ದರೆ, ವಿಂಡೋಸ್ ಅದಕ್ಕೆ ಭಾಗಿಸಿದ ಅಳತೆ ಹೇಳುತ್ತದೆ. 1920ನ್ನು 1.25ರಿಂದ ಭಾಗಿಸಿದರೆ 1536. ಆಮೇಲೆ ಪ್ರೋಗ್ರಾಂ ಬಿಡಿಸಿದ ಚಿತ್ರವನ್ನು ತಾನೇ ಎಳೆದು ದೊಡ್ಡದು ಮಾಡುತ್ತದೆ. ಅಕ್ಷರ ಮಸುಕಾಗುವುದು ಇದರಿಂದಲೇ. ಕನ್ನಡದಲ್ಲಿ ಸಣ್ಣ ಗಾತ್ರದ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ. ವಿಂಡೋಸ್ 8.1ರಿಂದ ಇರುವ ಸೆಟ್‌ಪ್ರೋಸೆಸ್‌ಡಿಪಿಐಅವೇರ್‌ನೆಸ್ ಫಂಕ್ಷನ್ನನ್ನು ಮೊದಲ ವಿಂಡೋ ತೆರೆಯುವ ಮುನ್ನ ಕರೆದರೆ ನಿಜವಾದ 1920 ಸಿಗುತ್ತದೆ. ವಿಂಡೋ ತೆರೆದ ಮೇಲೆ ಕರೆದರೆ ತಡವಾಯಿತು. ಘೋಷಿಸಿದ ಮೇಲೆ ಅಕ್ಷರ, ಬಟನ್‌ಗಳನ್ನು ಹಿಗ್ಗಿಸುವ ಹೊಣೆ ಪ್ರೋಗ್ರಾಂ ಬರೆದವರದೇ.

ಇನ್ನೊಂದು ಪೇಚು ಟಾಸ್ಕ್‌ಬಾರ್. ಪೂರ್ತಿ ಎತ್ತರಕ್ಕೆ ಸರಿಯಾಗಿ ಫಾರಂ ವಿನ್ಯಾಸ ಮಾಡಿದರೆ ಕೊನೆಯ 'ಸೇವ್' ಬಟನ್ ಅದರ ಹಿಂದೆ ಅಡಗುತ್ತದೆ. ಬಿಲ್ ಹಾಕುವವರು ಅರ್ಧ ಗಂಟೆ ಟೈಪ್ ಮಾಡಿ, ಉಳಿಸುವುದು ಹೇಗೆಂದು ತಿಳಿಯದೆ ಕೂರಬೇಕು. ಹಾಗಾಗಿ ಬೇಕಾದದ್ದು ಇಡೀ ಪರದೆಯ ಅಳತೆಯಲ್ಲ, ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ. ಕ್ಯೂಟಿಯಲ್ಲಿ ಇದಕ್ಕೆ ಅವೈಲಬಲ್‌ಜಿಯೋಮೆಟ್ರಿ, ಡಾಟ್‌ನೆಟ್‌ನಲ್ಲಿ ವರ್ಕಿಂಗ್‌ಏರಿಯಾ ಇದೆ.

ಎರಡು ಮಾನಿಟರ್ ಇದ್ದರೆ ವಿಂಡೋಸ್‌ನಲ್ಲಿ ಟಿಕೆಇಂಟರ್ ಮುಖ್ಯ ಮಾನಿಟರ್ ಅಳತೆಯನ್ನಷ್ಟೇ ಹೇಳುತ್ತದೆ. ಎಡಗಡೆ ಇಟ್ಟ ಎರಡನೆಯದರ ಸ್ಥಾನ ಮೈನಸ್ ಸಂಖ್ಯೆಯಲ್ಲಿ ಬರುತ್ತದೆ. ಅದು ದೋಷವಲ್ಲ, ಮುಖ್ಯ ಪರದೆಯ ಎಡ ಮೇಲ್ತುದಿಯೇ ಸೊನ್ನೆ.

ರೆಸಲ್ಯೂಷನ್ ಒಂದೇ ಆದ ಮಾತ್ರಕ್ಕೆ ಗಾತ್ರವೂ ಒಂದೇ ಅಲ್ಲ. 1920×1080ರ 15.6 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 141 ಪಿಕ್ಸೆಲ್, 24 ಇಂಚಿನದರಲ್ಲಿ ಸುಮಾರು 92.

ಪ್ರೋಗ್ರಾಂ ಶುರುವಾದಾಗ ಕೇಳಿದ ಅಳತೆ ಕೊನೆಯವರೆಗೂ ನಿಲ್ಲುವುದಿಲ್ಲ. ಮಧ್ಯದಲ್ಲಿ ಪ್ರೊಜೆಕ್ಟರ್ ಜೋಡಿಸಿದರೆ, ಮಾನಿಟರ್ ಕೇಬಲ್ ಕಿತ್ತರೆ ಎಲ್ಲವೂ ಬದಲು. ನಿನ್ನೆ ಆಫೀಸಿನ ಎರಡನೇ ಮಾನಿಟರ್‌ನಲ್ಲಿದ್ದ ವಿಂಡೋ ಇಂದು ಮನೆಯಲ್ಲಿ ಪರದೆಯ ಆಚೆ ತೆರೆದುಕೊಂಡು ಕಾಣದೇ ಹೋಗುವುದೂ ಉಂಟು. ಹಳೆಯ ಸ್ಥಾನಕ್ಕೆ ವಿಂಡೋ ಇಡುವ ಮುನ್ನ ಅಳತೆಯನ್ನು ಮತ್ತೊಮ್ಮೆ ಕೇಳಬೇಕು.