ರೆಸೊನೆನ್ಸ್: ವಿಜ್ಞಾನ ಕಲಿಸುವವರಿಗೊಂದು ಮಾಸಪತ್ರಿಕೆ

ಕಡಲ ಬದಿಯ ಹೈಸ್ಕೂಲುಗಳಲ್ಲಿ ಗುರುತ್ವಾಕರ್ಷಣೆಯ ಪಾಠ ಮಾಡುವ ಟೀಚರಿಗೆ ಒಂದಲ್ಲ ಒಂದು ವರ್ಷ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಚಂದ್ರನು ಸಮುದ್ರದ ನೀರನ್ನು ಸೆಳೆಯುವುದರಿಂದ ಭರತ ಬರುತ್ತದೆ ಎಂದು ಪಾಠದಲ್ಲಿದೆ. ಹಾಗಿದ್ದರೆ ಚಂದ್ರನಿರುವ ಬದಿಯಲ್ಲಿ ಮಾತ್ರ ನೀರು ಏರಬೇಕು, ಭರತವೂ ದಿನಕ್ಕೊಂದೇ ಸಲ ಬರಬೇಕು. ಆದರೆ ನಮ್ಮ ಕರಾವಳಿಯಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ನೀರು ಏರುತ್ತದೆ. ದೋಣಿಯವರ ಮನೆಯ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಎದ್ದು ನಿಂತು "ಟೀಚರ್, ಎರಡು ಸಲ ಯಾಕೆ?" ಎಂದು ಕೇಳಿದರೆ ಉತ್ತರ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಉತ್ತರ ಇರುವುದು ಸೆಳೆತದಲ್ಲಲ್ಲ, ಸೆಳೆತದ ವ್ಯತ್ಯಾಸದಲ್ಲಿ. ಹತ್ತಿರದ ಬದಿಯ ನೀರನ್ನು ಚಂದ್ರ ಭೂಮಿಯ ಕೇಂದ್ರಕ್ಕಿಂತ ಸ್ವಲ್ಪ ಹೆಚ್ಚು ಸೆಳೆಯುತ್ತಾನೆ, ಆಚೆ ಬದಿಯ ನೀರನ್ನು ಕೇಂದ್ರಕ್ಕಿಂತ ಸ್ವಲ್ಪ ಕಡಿಮೆ. ಹೀಗಾಗಿ ಈಚೆಯ ನೀರು ಮುಂದಕ್ಕೆ ಸಾಗುತ್ತದೆ, ಆಚೆಯ ನೀರು ಹಿಂದೆ ಉಳಿಯುತ್ತದೆ. ಎರಡೂ ಬದಿಯಲ್ಲಿ ಉಬ್ಬು. ದೂರ ಹೆಚ್ಚಿದಂತೆ ಈ ವ್ಯತ್ಯಾಸ ದೂರದ ಘನದ ಪ್ರಮಾಣದಲ್ಲಿ ಕುಗ್ಗುತ್ತದೆ. ಆದುದರಿಂದಲೇ ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಬಲವಾಗಿ ಸೆಳೆದರೂ ಉಬ್ಬರದಲ್ಲಿ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ಕಡಿಮೆ.

ಇಷ್ಟನ್ನು ತಿಳಿದುಕೊಳ್ಳಲು ಆ ಟೀಚರು ಎಲ್ಲಿಗೆ ಹೋಗಬೇಕು? ಸಂಶೋಧನಾ ಪತ್ರಿಕೆಗಳು ಸಂಶೋಧಕರಿಗಾಗಿ ಇರುವಂಥವು. ದಿನಪತ್ರಿಕೆಯ ವಿಜ್ಞಾನ ಪುಟ ಹೊಸ ಸುದ್ದಿ ಕೊಡುತ್ತದೆ, ಹಳೆಯ ಸಂದೇಹ ಬಿಡಿಸುವುದಿಲ್ಲ. ಇವೆರಡರ ನಡುವಿನ ಜಾಗಕ್ಕೆಂದೇ ಬೆಂಗಳೂರಿನಿಂದ ಒಂದು ಪತ್ರಿಕೆ ಹೊರಡುತ್ತಿದೆ. ಅದರ ಹೆಸರು 'ರೆಸೊನೆನ್ಸ್'. ನಮ್ಮ ಓದುಗರಲ್ಲಿ ಅಧ್ಯಾಪಕರು, ಶಾಲಾ ಸಂಚಾಲಕರು, ಆಡಳಿತ ಮಂಡಳಿಗಳಲ್ಲಿ ದುಡಿಯುವವರು ಬಹಳ ಮಂದಿ ಇರುವುದರಿಂದ ಅದರ ಪರಿಚಯವನ್ನು ಇಲ್ಲಿ ಕೊಡುತ್ತಿದ್ದೇವೆ.

ಹುಟ್ಟು ಮತ್ತು ಹಿನ್ನೆಲೆ

ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಈ ಪತ್ರಿಕೆಯ ಪ್ರಕಾಶಕ ಸಂಸ್ಥೆ. 65 ಮಂದಿ ಸ್ಥಾಪಕ ಸದಸ್ಯರೊಂದಿಗೆ ಆರಂಭವಾದ ಅಕಾಡೆಮಿ ಅದೇ ವರ್ಷದಿಂದ ಸಂಶೋಧನಾ ಲೇಖನಗಳನ್ನು ಪ್ರಕಟಿಸುತ್ತಾ ಬಂದಿದೆ. ಆದರೆ ಆ ಲೇಖನಗಳೆಲ್ಲ ವಿಜ್ಞಾನಿಗಳು ವಿಜ್ಞಾನಿಗಳಿಗಾಗಿ ಬರೆದವು. ಕಾಲೇಜುಗಳಲ್ಲಿ ಕಲಿಸುವವರಿಗೆ, ಕಲಿಯುವವರಿಗೆ ಪ್ರತ್ಯೇಕ ಪತ್ರಿಕೆ ಬೇಕೆಂದು ತೀರ್ಮಾನವಾಗಿ 1996ರ ಜನವರಿಯಲ್ಲಿ ರೆಸೊನೆನ್ಸ್‌ನ ಮೊದಲ ಸಂಚಿಕೆ ಹೊರಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಸೈದ್ಧಾಂತಿಕ ಭೌತವಿಜ್ಞಾನಿ ಪ್ರೊ. ಎನ್. ಮುಕುಂದ ಅವರು ಮೊದಲ ಪ್ರಧಾನ ಸಂಪಾದಕರು. ಮುಂದೆ ಅಂತರರಾಷ್ಟ್ರೀಯ ಪ್ರಕಾಶಕ ಸಂಸ್ಥೆಯಾದ ಸ್ಪ್ರಿಂಗರ್ ಕೂಡ ಪ್ರಕಟಣೆಯಲ್ಲಿ ಜೊತೆಗೂಡಿತು.

ರೆಸೊನೆನ್ಸ್ ಎಂದರೆ ಅನುರಣನೆ. ಒಂದು ತಂತಿ ಮೀಟಿದಾಗ ಅದೇ ಶ್ರುತಿಯ ಮತ್ತೊಂದು ತಂತಿ ತಾನಾಗಿ ಮಿಡಿಯುವುದು. ಕಲಿಸುವವರ ಪತ್ರಿಕೆಗೆ ಈ ಹೆಸರು ಒಪ್ಪುತ್ತದೆ.

ಇಂಥ ಪ್ರಯತ್ನ ಕರ್ನಾಟಕಕ್ಕೆ ತೀರಾ ಹೊಸತೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಅದು ಬಹುಕಾಲ ಬಾಳಲಿಲ್ಲ. ರೆಸೊನೆನ್ಸ್ ಅದರ ಸಂತತಿ ಎನ್ನುವಂತಿಲ್ಲ. ಭಾಷೆ ಬೇರೆ, ಓದುಗರೂ ಬೇರೆ. ಆದರೂ ತರಗತಿಯಲ್ಲಿ ನಿಂತು ಕಲಿಸುವವರೇ ಪತ್ರಿಕೆಗೂ ಕೈಹಾಕಿದ್ದರೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಒಳಗೆ ಏನಿದೆ?

ಭೌತ, ರಸಾಯನ, ಜೀವ ವಿಜ್ಞಾನ, ಗಣಿತ, ಗಣಕ ವಿಜ್ಞಾನ, ಭೂ ವಿಜ್ಞಾನ ಹೀಗೆ ಎಲ್ಲ ಶಾಖೆಗಳಿಗೂ ಜಾಗವಿದೆ. ಒಂದು ಸಂಚಿಕೆಯನ್ನು ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ಅದರ ಪುಟವಿನ್ಯಾಸ. ಲೇಖನದ ಪಕ್ಕದ ಅಂಚಿನಲ್ಲಿ ಮುಖ್ಯ ವಾಕ್ಯಗಳನ್ನು ಬೇರೆಯಾಗಿ ಅಚ್ಚು ಹಾಕಿರುತ್ತಾರೆ. ಮೊದಲ ಪುಟದಲ್ಲೇ ಲೇಖಕರ ಚಿಕ್ಕ ಚಿತ್ರ, ಎರಡು ಮಾತಿನ ಪರಿಚಯ. ಕಷ್ಟದ ಲೆಕ್ಕಾಚಾರವನ್ನು ಪ್ರತ್ಯೇಕ ಚೌಕದೊಳಗೆ ಇಡುತ್ತಾರೆ. ಬೇಡವಾದವರು ಅದನ್ನು ಬಿಟ್ಟು ಮುಂದೆ ಓದಬಹುದು. ಕೊನೆಯಲ್ಲಿ ಇನ್ನೂ ಓದಬೇಕೆನ್ನುವವರಿಗೆ ಪುಸ್ತಕಗಳ ಹೆಸರು. ದಿನವಿಡೀ ಪಾಠ ಮಾಡಿ ದಣಿದ ಅಧ್ಯಾಪಕರು ಅಂಚಿನ ವಾಕ್ಯಗಳನ್ನಷ್ಟೇ ಓದಿದರೂ ಲೇಖನದ ತಿರುಳು ಸಿಗುತ್ತದೆ.

ಪ್ರತಿ ಸಂಚಿಕೆಯೂ ಒಬ್ಬ ವಿಜ್ಞಾನಿಯನ್ನು ನೆನೆಯುತ್ತದೆ. ಅವರ ಭಾವಚಿತ್ರವಿರುತ್ತದೆ, 'ಆರ್ಟಿಕಲ್ ಇನ್ ಎ ಬಾಕ್ಸ್' ಎಂಬ ತಲೆಬರಹದಡಿ ಅವರ ಬದುಕು ಹಾಗೂ ಕೆಲಸದ ಚಿಕ್ಕ ಬರಹವಿರುತ್ತದೆ. 'ಕ್ಲಾಸಿಕ್ಸ್' ಅಂಕಣದಲ್ಲಿ ಹಳೆಯ ಪ್ರಸಿದ್ಧ ಬರಹಗಳನ್ನೇ ಮತ್ತೆ ಅಚ್ಚು ಹಾಕುತ್ತಾರೆ. 'ನೇಚರ್ ವಾಚ್' ಪ್ರಾಣಿ, ಸಸ್ಯಗಳ ಕುರಿತದ್ದು. 'ಫೇಸ್ ಟು ಫೇಸ್' ಸಂದರ್ಶನಗಳು. 'ಥಿಂಕ್ ಇಟ್ ಓವರ್' ತಲೆಗೆ ಕೆಲಸ ಕೊಡುವ ಸಮಸ್ಯೆಗಳು.

ನಮ್ಮ ಅಭಿಪ್ರಾಯದಲ್ಲಿ ಅಧ್ಯಾಪಕರಿಗೆ ಹೆಚ್ಚು ಉಪಕಾರವಾಗುವುದು 'ಕ್ಲಾಸ್‌ರೂಮ್' ಅಂಕಣ. ಇಲ್ಲಿ ಬರೆಯುವವರಲ್ಲಿ ಕಲಿಸುವವರೂ ಇದ್ದಾರೆ. ಮಕ್ಕಳು ಕೇಳಿದ ಪ್ರಶ್ನೆ, ಪಠ್ಯದಲ್ಲಿ ನುಸುಳಿದ ತಪ್ಪು ತಿಳಿವಳಿಕೆ, ಅಗ್ಗದ ಸಾಮಾನಿನಿಂದ ಮಾಡಬಹುದಾದ ಪ್ರಯೋಗ, ಒಂದು ಸೂತ್ರವನ್ನು ಇನ್ನೊಂದು ದಾರಿಯಿಂದ ಹಿಡಿಯುವ ಬಗೆ ಇಂಥವುಗಳನ್ನು ನಾಲ್ಕಾರು ಪುಟಗಳಲ್ಲಿ ಹೇಳುತ್ತಾರೆ. ಮೇಲೆ ಹೇಳಿದ ಭರತದ ಪ್ರಶ್ನೆಯಂಥದ್ದಕ್ಕೆ ತಕ್ಕ ಜಾಗ ಇದು.

ಸರಣಿ ಲೇಖನಗಳು ರೆಸೊನೆನ್ಸ್‌ನ ಇನ್ನೊಂದು ಬಲ. ಖಗೋಳ ಭೌತವಿಜ್ಞಾನಿ ಟಿ. ಪದ್ಮನಾಭನ್ ಅವರ 'ಸ್ನಿಪೆಟ್ಸ್ ಆಫ್ ಫಿಸಿಕ್ಸ್' ಇಲ್ಲೇ ಕಂತುಗಳಲ್ಲಿ ಬಂತು. ಕಣಜಗಳ ಸಾಮಾಜಿಕ ಜೀವನದ ಅಧ್ಯಯನಕ್ಕೆ ಹೆಸರಾದ, ಬೆಂಗಳೂರಿನ ಪ್ರೊ. ರಾಘವೇಂದ್ರ ಗದಗಕರ್ ಅವರು ಪ್ರಾಣಿಗಳ ವರ್ತನೆ ಕುರಿತು ಪ್ರಯೋಗ ರೂಪಿಸುವುದು ಹೇಗೆ ಎಂಬ ಸರಣಿಯನ್ನು 2018ರಿಂದ ಬರೆದರು. ಅದರ ಮೊದಲ ಕಂತಿನ ವಿಷಯ ಕಣಜವು ತನ್ನ ಗೂಡನ್ನು ಹೇಗೆ ಗುರುತಿಸುತ್ತದೆ ಎಂಬುದು. ಡಚ್ ವಿಜ್ಞಾನಿ ನಿಕೊ ಟಿಂಬರ್ಗನ್ ಅವರು ಮರಳಿನಲ್ಲಿ ಬಿಲ ತೋಡುವ ಕಣಜದ ಗೂಡಿನ ಸುತ್ತ ಪೈನ್ ಮರದ ಕಾಯಿಗಳನ್ನು ಬಳೆಯಂತೆ ಜೋಡಿಸಿದರು. ಕಣಜಕ್ಕೆ ಅದು ರೂಢಿಯಾದ ಮೇಲೆ, ಅದು ಹೊರಗೆ ಹಾರಿದ್ದಾಗ ಬಳೆಯನ್ನು ಸ್ವಲ್ಪ ಆಚೆಗೆ ಸರಿಸಿದರು. ಮರಳಿ ಬಂದ ಕಣಜ ತನ್ನ ಗೂಡನ್ನು ಬಿಟ್ಟು ಬಳೆಯ ನಡುವೆ ಬಾಗಿಲು ಹುಡುಕಿತು. ಗುರುತು ಹಿಡಿಯುವುದು ಸುತ್ತಲಿನ ನೆಲದ ಚಿಹ್ನೆಗಳಿಂದ ಎಂದು ಗೊತ್ತಾಯಿತು. ಟಿಂಬರ್ಗನ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಇನ್ನಿಬ್ಬರೊಡನೆ ಹಂಚಿ ಬಂತು. ಈ ಪ್ರಯೋಗಕ್ಕೆ ಬೇಕಾದದ್ದು ಕಾಯಿಗಳು ಮತ್ತು ತಾಳ್ಮೆ. ಲ್ಯಾಬಿಗೆ ಅನುದಾನ ಬರಲಿಲ್ಲ ಎಂದು ಪ್ರಯೋಗವನ್ನೇ ಕೈಬಿಟ್ಟ ಶಾಲೆಗಳಿಗೆ ಈ ಸರಣಿ ಓದಿಸಬೇಕು.

ಪಾಠ ಹೇಳುವ ಜ್ಞಾನ ಬೇರೆ

ಅಧ್ಯಾಪಕರ ವೃತ್ತಿ ಬೆಳವಣಿಗೆ ಎಂದಾಗ ನಮ್ಮಲ್ಲಿ ತರಬೇತಿ ಶಿಬಿರ, ಸರ್ಟಿಫಿಕೇಟು, ಟಿಎ ಬಿಲ್ಲು ಇವೇ ನೆನಪಾಗುತ್ತವೆ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಬರೆದ ಒಂದು ಲೇಖನ ಈ ಚರ್ಚೆಗೆ ಬೇರೆಯೇ ದಿಕ್ಕು ಕೊಟ್ಟಿತು. ವಿಷಯ ಗೊತ್ತಿರುವುದು ಒಂದು, ಕಲಿಸುವ ಸಾಮಾನ್ಯ ವಿಧಾನ ಗೊತ್ತಿರುವುದು ಇನ್ನೊಂದು. ಇವೆರಡೂ ಸೇರಿದ ಮೂರನೆಯದೊಂದು ಜ್ಞಾನ ಅಧ್ಯಾಪಕರಿಗೆ ಮಾತ್ರ ಬೇಕಾದದ್ದು ಎಂದು ಅವರು ತೋರಿಸಿದರು. ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಮನಸ್ಸಿಗೆ ಹತ್ತುತ್ತದೆ, ಯಾವ ಉದಾಹರಣೆ ದಾರಿ ತಪ್ಪಿಸುತ್ತದೆ ಎಂಬ ತಿಳಿವಳಿಕೆ ಅದು. ಸಂಶೋಧಕನಿಗೆ ಅದು ಬೇಕಾಗಿಲ್ಲ. ಬಿ.ಎಡ್. ಓದಿದ ಮಾತ್ರಕ್ಕೆ ಬರುವುದೂ ಇಲ್ಲ. ಒಳ್ಳೆಯ ಅಧ್ಯಾಪಕರ ಬಳಿ ಅದು ವರ್ಷಗಳಿಂದ ಕೂಡಿಬರುತ್ತದೆ, ಅವರು ನಿವೃತ್ತರಾದ ದಿನ ಅವರೊಡನೆ ಹೊರಟುಹೋಗುತ್ತದೆ. ಬರೆದಿಟ್ಟರೆ ಉಳಿಯುತ್ತದೆ. ಕ್ಲಾಸ್‌ರೂಮ್‌ನಂಥ ಅಂಕಣದ ಪ್ರಯೋಜನ ಇದೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲಾ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕೆಂದು ಹೇಳಿದೆ. ಆ 50 ಗಂಟೆಗಳಲ್ಲಿ ಕೆಲವನ್ನಾದರೂ ಓದಿಗೆ ಮೀಸಲಿಡಲು ಸಾಧ್ಯವಾದರೆ ಒಳ್ಳೆಯದು. ಕುರ್ಚಿಯಲ್ಲಿ ಕೂತು ಪವರ್ ಪಾಯಿಂಟ್ ನೋಡಿದ್ದನ್ನೇ ಗಂಟೆ ಎಂದು ಎಣಿಸುವ ಪದ್ಧತಿ ನಮಗೆ ಹಿಡಿಸುವುದಿಲ್ಲ.

ಓದುವ ಪತ್ರಿಕೆ, ಅಂಕದ ಪತ್ರಿಕೆ

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಬೇಕು. ಯುಜಿಸಿಯ 2010ರ ನಿಯಮಾವಳಿಯಲ್ಲಿ ಕಾಲೇಜು ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕ ಪದ್ಧತಿ ಬಂತು. ಪ್ರಕಟಿತ ಲೇಖನಗಳಿಗೆ ಅಂಕ. ವಾರಕ್ಕೆ ಹತ್ತು ಹದಿನಾರು ಗಂಟೆ ಪಾಠ, ಪರೀಕ್ಷಾ ಕೆಲಸ, ಎನ್.ಎಸ್.ಎಸ್. ಎಲ್ಲ ಮಾಡಿ ಸಂಶೋಧನೆಗೆ ಲ್ಯಾಬೂ ಇಲ್ಲದ ಅಧ್ಯಾಪಕರು ಏನು ಬರೆಯಬೇಕು? ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ನಮಗೆ ಪರಿಚಯದ ಒಬ್ಬ ಉಪನ್ಯಾಸಕರು ಇಂಥದ್ದೊಂದಕ್ಕೆ ಹಣ ಕಟ್ಟಿ, ಲೇಖನ ಕಳುಹಿಸಿದ ಮೂರನೇ ದಿನವೇ 'ತಜ್ಞರು ಒಪ್ಪಿದ್ದಾರೆ' ಎಂಬ ಉತ್ತರ ಪಡೆದರು. ಅದರಲ್ಲಿ ಒಂದು ಅಕ್ಷರವನ್ನೂ ಯಾರೂ ತಿದ್ದಿರಲಿಲ್ಲ. "ತಪ್ಪುಗಳು ನನಗೇ ಕಾಣುತ್ತಿವೆ, ಅವರಿಗೆ ಕಾಣಲಿಲ್ಲ" ಎಂದು ನಮ್ಮೊಡನೆ ಹೇಳಿಕೊಂಡರು. ಬಡ್ತಿಯ ಫೈಲಿನಲ್ಲಿ ಆ ಲೇಖನ ಇದೆ, ಅವರು ಯಾರಿಗೂ ತೋರಿಸುವುದಿಲ್ಲ.

ಈ ಹಾವಳಿ ತಡೆಯಲು ಯುಜಿಸಿ 2019ರಲ್ಲಿ ಕೇರ್ ಎಂಬ ಪಟ್ಟಿ ಪ್ರಕಟಿಸಿತು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ನೋಡುವ ಹೊಣೆಯನ್ನು ಆಯಾ ವಿದ್ಯಾಸಂಸ್ಥೆಗಳಿಗೇ ಬಿಟ್ಟಿತು. ಹೀಗಾಗಿ ಆಡಳಿತ ಮಂಡಳಿಗಳಲ್ಲಿ ಇರುವವರು ಇನ್ನು ಮುಂದೆ ಸ್ವಲ್ಪ ಎಚ್ಚರ ವಹಿಸಬೇಕಾಗಿದೆ. ಐಎಸ್‌ಎಸ್‌ಎನ್ ಸಂಖ್ಯೆ ಇದ್ದ ಮಾತ್ರಕ್ಕೆ ಪತ್ರಿಕೆ ಒಳ್ಳೆಯದೆಂದು ಅರ್ಥವಲ್ಲ. ಅದು ಪುಸ್ತಕದ ಅಂಗಡಿಯ ಬಾಗಿಲ ನಂಬರಿನಂತೆ, ಒಳಗಿನ ಸರಕಿನ ಬಗ್ಗೆ ಏನೂ ಹೇಳುವುದಿಲ್ಲ. ಸಂಪಾದಕರು ಯಾರು, ಲೇಖನವನ್ನು ಓದಿ ತಿದ್ದುವವರು ಇದ್ದಾರೆಯೇ, ಹಣ ಕೇಳುತ್ತಾರೆಯೇ, ಯಾವ ವಿಷಯವಾದರೂ ಸರಿ ಎನ್ನುತ್ತಾರೆಯೇ ಎಂಬುದನ್ನು ನೋಡಬೇಕು.

ಕೊರತೆಗಳು

ರೆಸೊನೆನ್ಸ್ ಎಲ್ಲರಿಗೂ ಸುಲಭ ಎಂದು ಹೇಳಿದರೆ ತಪ್ಪಾದೀತು. ಅದು ಇಂಗ್ಲಿಷ್ ಪತ್ರಿಕೆ. ಹೆಚ್ಚಿನ ಲೇಖನಗಳು ಬಿ.ಎಸ್ಸಿ. ಮಟ್ಟದವು, ಕೆಲವು ಅದಕ್ಕೂ ಮೇಲೆ. ಭೌತಶಾಸ್ತ್ರ ಮತ್ತು ಗಣಿತದ ಲೇಖನಗಳಲ್ಲಿ ಎರಡನೇ ಪುಟಕ್ಕೇ ಸಮೀಕರಣಗಳು ಎದುರಾಗುವುದುಂಟು. ಪಿಯು ಉಪನ್ಯಾಸಕರಿಗೆ ಬಹಳಷ್ಟು ಉಪಯೋಗಕ್ಕೆ ಬರುತ್ತದೆ. ಕನ್ನಡ ಮಾಧ್ಯಮದ ಹೈಸ್ಕೂಲು ಟೀಚರಿಗೆ ಆಯ್ದು ಓದಬೇಕಾಗುತ್ತದೆ.

ಹೈಸ್ಕೂಲಿನವರಿಗೆ ಹತ್ತಿರದ್ದು ಬೇಕೆಂದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎರಡು ಪತ್ರಿಕೆಗಳಿವೆ. ಗಣಿತಕ್ಕೆ 2012ರಲ್ಲಿ ಆರಂಭವಾದ 'ಅಟ್ ರೈಟ್ ಆಂಗಲ್ಸ್', ವಿಜ್ಞಾನಕ್ಕೆ 'ಐ ವಂಡರ್'. ಎರಡನೆಯದು ಕನ್ನಡದಲ್ಲೂ ಬಂದಿದೆ. ಮಕ್ಕಳ ಕೈಗೇ ಕೊಡುವುದಾದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಹಳೆಯ ಪರಿಚಿತ ಹೆಸರು.

ಪಡೆಯುವುದು ಹೇಗೆ?

ರೆಸೊನೆನ್ಸ್‌ನ 1996ರಿಂದೀಚೆಗಿನ ಲೇಖನಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಹಣ ಕೊಡದೆ ಓದಬಹುದು, ಇಳಿಸಿಕೊಳ್ಳಲೂಬಹುದು. ಎಲ್ಲವನ್ನೂ ಓದಲು ಹೊರಟರೆ ಎರಡನೇ ವಾರಕ್ಕೇ ಬೇಸರ ಬರುತ್ತದೆ. ಮುಂದಿನ ತಿಂಗಳು ಯಾವ ಪಾಠ ಬರಲಿದೆಯೋ ಆ ಪದವನ್ನು ಹುಡುಕಿ, ಕ್ಲಾಸ್‌ರೂಮ್ ಅಂಕಣದಲ್ಲಿ ಸಿಕ್ಕ ಒಂದು ಲೇಖನ ಓದಿದರೆ ಸಾಕು. ಒಂದೇ ಆವರಣದಲ್ಲಿ ಹೈಸ್ಕೂಲು, ಪಿಯು, ಡಿಗ್ರಿ ಮೂರೂ ಇರುವ ನಮ್ಮ ಸಂಸ್ಥೆಗಳಲ್ಲಿ ಡಿಗ್ರಿಯವರು ಓದಿ ಹೈಸ್ಕೂಲಿನವರಿಗೆ ಕನ್ನಡದಲ್ಲಿ ತಿಳಿಸುವ ಏರ್ಪಾಡು ಮಾಡಿಕೊಳ್ಳಬಹುದು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಒಂದು ಗಂಟೆ, ಒಂದು ಲೇಖನ. ಖರ್ಚು ಚಹಾದ್ದು ಮಾತ್ರ.

ಪತ್ರಿಕೆಯ ಪ್ರಕಟಣೆಗಳ ಪುಟವನ್ನೂ ಗಮನಿಸಬೇಕು. ಬೆಂಗಳೂರಿನ ಈ ಅಕಾಡೆಮಿ, ದೆಹಲಿಯ ಮತ್ತು ಅಲಹಾಬಾದಿನ ಅಕಾಡೆಮಿಗಳು ಜೊತೆಯಾಗಿ ಕಾಲೇಜು ಅಧ್ಯಾಪಕರಿಗೆ ರಿಫ್ರೆಶರ್ ಕೋರ್ಸುಗಳನ್ನು, ಉಪನ್ಯಾಸ ಕಾರ್ಯಾಗಾರಗಳನ್ನು ನಡೆಸಿವೆ. ಪ್ರೊ. ಆರ್. ಶ್ರೀನಿವಾಸನ್ ಅವರ ಮಾರ್ಗದರ್ಶನದ ಪ್ರಯೋಗಾತ್ಮಕ ಭೌತಶಾಸ್ತ್ರ ಶಿಬಿರಗಳಲ್ಲಿ ಅಧ್ಯಾಪಕರೇ ಉಪಕರಣ ಹಿಡಿದು ಪ್ರಯೋಗ ಮಾಡಿ ಕಲಿತಿದ್ದಾರೆ. ಬೇಸಿಗೆ ರಜೆಯಲ್ಲಿ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡುವ ಫೆಲೋಶಿಪ್ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅಧ್ಯಾಪಕರಿಗೂ ಇರುವಂಥದ್ದು. ಇದಕ್ಕೆ ಅರ್ಜಿ ಕರೆಯುವುದು ಬೇಸಿಗೆಗೆ ಹಲವು ತಿಂಗಳು ಮೊದಲೇ. ಆದುದರಿಂದ ದಸರಾ ರಜೆ ಮುಗಿದೊಡನೆ ಅಕಾಡೆಮಿಯ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು ಆ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಸ್ಟಾಫ್ ರೂಮಿನ ಬೋರ್ಡಿಗೆ ಹಚ್ಚಿದರೆ ಸಾಕು, ಉಳಿದದ್ದನ್ನು ಅಧ್ಯಾಪಕರು ನೋಡಿಕೊಳ್ಳುತ್ತಾರೆ.