ಏಳು ಹುಡುಗರ ಹೊಣೆ

ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ನಮ್ಮ ಶಾಲೆಯ ಸ್ಕೌಟ್ ದಳದಲ್ಲಿ ಪೆಟ್ರೋಲ್ ಲೀಡರ್ ಆಗಿದ್ದೆ. ಈ ಸುದ್ದಿ ಕೇಳಿ ನಮ್ಮಜ್ಜಿ, 'ಓದೋದು ಬಿಟ್ಟು ಬಂಕಿಗೆ ಯಾಕೋ ಸೇರಿಕೊಂಡೆ?' ಎಂದು ಗಾಬರಿಯಾಗಿದ್ದರು. ಗಸ್ತು ತಿರುಗುವ ತಂಡ ಎಂಬರ್ಥದ ಇಂಗ್ಲಿಷ್ ಪದ ಕನ್ನಡದ ಬಾಯಿಗೆ ಬರುವಾಗ ಗಾಡಿಯ ಎಣ್ಣೆಯಾಗಿಬಿಟ್ಟರೆ ಅಜ್ಜಿಯದೇನು ತಪ್ಪು?

ನನ್ನ ಕೈಕೆಳಗೆ ಏಳು ಹುಡುಗರಿದ್ದರು. ಮೂರು ದಿನದ ಶಿಬಿರದಲ್ಲಿ ಬಹುಮಾನ ಗೆಲ್ಲಲೇಬೇಕೆಂಬ ಹಟ ನನಗೆ. ಟೆಂಟು ಕಟ್ಟುವುದು, ಒಲೆ ಹೂಡುವುದು, ಗಂಟು ಹಾಕುವುದು ಎಲ್ಲವನ್ನೂ ನಾನೂ ಇನ್ನಿಬ್ಬರು ಚುರುಕಿನವರೂ ಮಾಡಿದೆವು. ಎಲ್ಲರಿಗಿಂತ ಚಿಕ್ಕವನೊಬ್ಬನಿದ್ದ, ಆರನೇ ತರಗತಿಯವನು. ಮೂರು ದಿನವೂ ಅವನು ಪಾತ್ರೆ ತೊಳೆದ. ನಾವು ಗೆದ್ದೆವು. ಕೊನೆಯ ಸಂಜೆ ಮೇಷ್ಟ್ರು ಅವನ ಕೈಗೆ ಹಗ್ಗ ಕೊಟ್ಟು ಒಂದು ಗಂಟು ಹಾಕಲು ಹೇಳಿದರು. ಅವನಿಗೆ ಬರಲಿಲ್ಲ. ಮೇಷ್ಟ್ರು ಅವನನ್ನು ಬೈಯಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ.

ವಸಾಹತು ಕಾಲದ ಯುವಜನ ಸಂಘಟನೆಗಳ ಬಗ್ಗೆ ಓದುತ್ತ ಕೂತಾಗ ಆ ನೋಟ ಆಗಾಗ ನೆನಪಾಗುತ್ತದೆ. 1907ರ ಆಗಸ್ಟಿನಲ್ಲಿ ಬೇಡನ್-ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಕರೆದೊಯ್ದರು. ಸಿರಿವಂತರ ಶಾಲೆಗಳವರೂ ದುಡಿಯುವ ಮನೆಗಳವರೂ ಅದರಲ್ಲಿದ್ದರು. ಅವರನ್ನು ತೋಳ, ಗೂಳಿ, ಕರ್ಲ್ಯೂ ಹಕ್ಕಿ, ಕಾಡುಕಾಗೆ ಎಂಬ ಹೆಸರಿನ ನಾಲ್ಕು ತಂಡ ಮಾಡಿ, ಪ್ರತಿ ತಂಡಕ್ಕೂ ಹಿರಿಯ ಹುಡುಗನೊಬ್ಬನನ್ನು ನಾಯಕನನ್ನಾಗಿಸಿದರು. ನಾಯಕರಿಗೆ ಮೊದಲು ಪಾಠ; ಅದನ್ನು ತಮ್ಮ ತಂಡಕ್ಕೆ ಕಲಿಸುವುದು ಅವರ ಕೆಲಸ. ಹುಡುಗರ ನಡತೆಗೂ ಅವರೇ ಹೊಣೆ. ರಾತ್ರಿ ಕಾವಲು ಸರದಿಯ ಮೇಲೆ ಒಂದೊಂದು ತಂಡದ್ದು. ಮಾರನೇ ವರ್ಷ 'ಸ್ಕೌಟಿಂಗ್ ಫಾರ್ ಬಾಯ್ಸ್' ಕಂತುಗಳಲ್ಲಿ ಹೊರಬಂದಾಗ ಈ ಪದ್ಧತಿ ಎಲ್ಲೆಡೆ ಹಬ್ಬಿತು. ರೋಲಂಡ್ ಫಿಲಿಪ್ಸ್ ಎಂಬ ತರುಣ 1914ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದ. ಎರಡು ವರ್ಷದಲ್ಲಿ ಸೋಮ್ ಯುದ್ಧದಲ್ಲಿ ಸತ್ತ. ನಾಯಕರೆಲ್ಲ ಸೇರಿ ದಳದ ವ್ಯವಹಾರ ತೀರ್ಮಾನಿಸುವ 'ಕೋರ್ಟ್ ಆಫ್ ಆನರ್' ಎಂಬ ಸಭೆಯೂ ಇತ್ತು. ಹದಿನಾಲ್ಕರ ಹುಡುಗರು ಕೂತು ಶಿಸ್ತಿನ ಪ್ರಶ್ನೆ ಬಗೆಹರಿಸುವುದು! ನಮ್ಮ ಶಾಲೆಯಲ್ಲಿ ನಾವು ಸ್ಟಾಫ್ ರೂಮಿನ ಹೊಸ್ತಿಲನ್ನೂ ದಾಟುತ್ತಿರಲಿಲ್ಲ.

ಹುಡುಗರನ್ನು ನಂಬಬಹುದು ಎಂಬ ಈ ಯೋಚನೆ ಹುಟ್ಟಿದ್ದು ಯುದ್ಧದಲ್ಲಿ. 1899–1900ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣವನ್ನು ಬೋಯರ್ ಸೇನೆ 217 ದಿನ ಮುತ್ತಿತ್ತು. ಆಗ ಸಂದೇಶ ಒಯ್ಯಲು ಹುಡುಗರದೊಂದು ಕೆಡೆಟ್ ಪಡೆ ಕಟ್ಟಿದರು. ಹದಿಮೂರರ ಆಸುಪಾಸಿನ ವಾರ್ನರ್ ಗುಡ್‌ಇಯರ್ ಅದರ ಸಾರ್ಜೆಂಟ್ ಮೇಜರ್. ಸ್ಕೌಟ್ ಕಥೆಗಳು ಈ ಹುಡುಗನನ್ನು ಕೊಂಡಾಡುತ್ತವೆ. ಅದೇ ಊರನ್ನು ಕಾಯಲು ಹೋರಾಡಿದ ಬರೊಲಾಂಗ್ ಜನರನ್ನೂ, ಅನ್ನವಿಲ್ಲದೆ ಒದ್ದಾಡಿದ ಕರಿಯ ಜನರನ್ನೂ ಅಷ್ಟಾಗಿ ನೆನೆಯುವುದಿಲ್ಲ. ಕೆಡೆಟ್‌ಗಳು ಬಿಳಿಯ ಹುಡುಗರು.

ಇದೇ ಗೆರೆ ನಮ್ಮ ಬೆಂಗಳೂರಿಗೂ ಬಂತು. ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದು ಇಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರಿಂದ. ಆದರೆ ಆಗ ಸ್ಕೌಟ್ ದಳಗಳು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಇಂಗ್ಲೆಂಡಿನಲ್ಲಿ ದುಡಿಯುವವರ ಮಗನಿಗೆ ಸಿಕ್ಕ ನಂಬಿಕೆ ಇಲ್ಲಿ ದೇಶದ ಮಗನಿಗೆ ಸಿಗಲಿಲ್ಲ. ಕಾಯುತ್ತ ಕೂರದ ಅನಿ ಬೆಸೆಂಟ್, ಅರುಂಡೇಲ್ ಮದರಾಸಿನಲ್ಲಿ ಭಾರತೀಯ ಹುಡುಗರಿಗೆಂದೇ ಸಂಘ ಕಟ್ಟಿದರು. ಉತ್ತರದಲ್ಲಿ ಮಾಳವೀಯ, ಕುಂಜ್ರು, ಬಾಜಪೇಯಿ ಸೇವಾ ಸಮಿತಿಯ ಸ್ಕೌಟ್ ಸಂಸ್ಥೆ ನಡೆಸಿದರು. ಎಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು ಸ್ವಾತಂತ್ರ್ಯದ ನಂತರ, 1950ರಲ್ಲಿ.

ಆ ಹಿರಿಯರು ಹೋರಾಡಿ ತಂದುಕೊಟ್ಟ ನಾಯಕತ್ವದಲ್ಲಿ ನಾನು ಮಾಡಿದ್ದೇನು? ಬಲ್ಲವರನ್ನು ಮುಂದೆ ನಿಲ್ಲಿಸಿ, ಅರಿಯದವನನ್ನು ನಲ್ಲಿಯ ಹತ್ತಿರ ಕೂರಿಸಿದ್ದು. ಬಹುಮಾನದ ಸ್ಟೀಲ್ ತಟ್ಟೆ ಈಗಲೂ ನಮ್ಮ ಮನೆಯಲ್ಲಿದೆ.

ಕಳೆದ ವರ್ಷ ಊರ ಜಾತ್ರೆಯಲ್ಲಿ ಆ ಹುಡುಗ ಸಿಕ್ಕಿದ್ದ. ಈಗ ಲೈನ್‌ಮನ್, ದಿನವೂ ಹಗ್ಗ ಬಿಗಿದು ಕಂಬ ಹತ್ತುವ ಕೆಲಸ. ಶಿಬಿರದ ಮಾತು ತೆಗೆದೆ. ಅವನು ನಕ್ಕು, 'ಗಂಟು ಡಿಪಾರ್ಟ್‌ಮೆಂಟ್‌ನೋರು ಕಲಿಸಿದ್ರು ಬಿಡಣ್ಣಾ' ಎಂದ.