ನಿರ್ದೇಶಾಂಕ ಪರಿವರ್ತನೆಯಿಂದ ಚಿತ್ರಗಳ ರೂಪಾಂತರ: ಬೀದರ್ ಸೀಮೆಯ ನಕ್ಷೆಗಳ ಹಿನ್ನೆಲೆಯಲ್ಲಿ

ಕಂಪ್ಯೂಟರಿನಲ್ಲಿರುವ ಚಿತ್ರದ ಪ್ರತಿ ಪಿಕ್ಸೆಲ್ಲಿನ ತಾಣವನ್ನು ಗಣಿತಸೂತ್ರದ ಪ್ರಕಾರ ಬದಲಿಸಿ, ಚಿತ್ರದ ಆಕಾರವನ್ನೇ ಮಾರ್ಪಡಿಸುವ ವಿಧಾನ ಇದು. ಓರೆಯಾಗಿ ಹಿಡಿದ ಕಾಗದವನ್ನು ನೇರ ಮಾಡುವ ಮೊಬೈಲ್ ಆ್ಯಪ್‌ನಲ್ಲೂ, ಒಂದು ಮುಖ ಇನ್ನೊಂದಾಗುವ ಸಿನಿಮಾ ದೃಶ್ಯದಲ್ಲೂ ಇದೇ ಕೆಲಸ ನಡೆಯುತ್ತದೆ. ಆದರೆ ಈ ವಿದ್ಯೆ ಹದಗೊಂಡದ್ದು ಬಹುಮಟ್ಟಿಗೆ ನೆಲದ ಚಿತ್ರಗಳಿಂದ. ಚಿತ್ರವನ್ನು ಸರಿಸಬೇಕಾದರೆ ಎಲ್ಲಿಗೆ ಸರಿಸಬೇಕೆಂದು ಮೊದಲೇ ತಿಳಿದಿರಬೇಕು. ಭಾರತದ ಮಟ್ಟಿಗೆ ಆ ‘ಎಲ್ಲಿಗೆ’ ಎಂಬುದನ್ನು ಅಳೆದು ಗೊತ್ತುಮಾಡಿದ ಸ್ಥಳಗಳಲ್ಲಿ ಬೀದರ್ ಒಂದು.

ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಶುರುಮಾಡಿದ ತ್ರಿಕೋನ ಸರ್ವೆ 1815ರಲ್ಲಿ ಬೀದರ್ ಸೀಮೆಗೆ ಬಂತು. ತ್ರಿಕೋನಗಳ ಲೆಕ್ಕಕ್ಕೆ ಬುನಾದಿಯಾದ ಅಲ್ಲಿನ ಆಧಾರರೇಖೆಯನ್ನು ಆತ ಉಕ್ಕಿನ ಸರಪಳಿಯಿಂದ ಅಳೆದ. ಹತ್ತಿರದ ದಮರ್ಗಿಡ್ಡ ಸರ್ವೆ ಠಾಣೆಯ ಅಕ್ಷಾಂಶ 18 ಡಿಗ್ರಿ 3 ಮಿನಿಟು. ಭಾಲ್ಕಿ ಪಟ್ಟಣವೂ ಹೆಚ್ಚುಕಡಿಮೆ ಅದೇ ಅಕ್ಷಾಂಶದ ಮೇಲಿದೆ. ಲ್ಯಾಂಬ್ಟನ್ನನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ಮಧ್ಯಾಹ್ನರೇಖೆಯ ಅಳತೆ ದಕ್ಷಿಣದಲ್ಲಿ ಶುರುವಾಗುವುದು ಈ ಠಾಣೆಯಿಂದಲೇ. ಸರಪಳಿಯ ಮೇಲೆ ಎವರೆಸ್ಟನಿಗೆ ನಂಬಿಕೆ ಇರಲಿಲ್ಲ. ಹಾಗಾಗಿ 1841ರಲ್ಲಿ ಆತನ ಸಹಾಯಕ ಆಂಡ್ರ್ಯೂ ವಾ ಬೀದರ್ ರೇಖೆಯನ್ನು, ಬಿಸಿಲಿಗೆ ಉದ್ದ ಬದಲಾಗದಂತೆ ಎರಡು ಲೋಹ ಸೇರಿಸಿ ಮಾಡಿದ ಕೋಲ್ಬಿ ಪಟ್ಟಿಗಳಿಂದ ಮತ್ತೆ ಅಳೆದ. ಉತ್ತರದಿಂದ ತ್ರಿಕೋನಗಳ ಸಾಲನ್ನು ಹಿಡಿದು ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಏಳು ಮೈಲಿಗೂ ಮೀರಿದ ರೇಖೆಯಲ್ಲಿ ಐದಂಗುಲಕ್ಕಿಂತ ಕಡಿಮೆ. ಪಟ್ಟಿ ಹೊತ್ತ, ಗುಡ್ಡದ ಮೇಲೆ ದೀಪ ಹಿಡಿದ ಕೂಲಿಕಾರರ ದುಡಿಮೆ ಈ ಅಂಕಿಯ ಹಿಂದಿದೆ. ಅವರನ್ನು ನೆನೆಯದೆ ಇದನ್ನು ಎವರೆಸ್ಟನ ಸಾಧನೆಯೆಂದಷ್ಟೇ ಬರೆಯುವುದು ನ್ಯಾಯವಲ್ಲ.

1830ರ ಆ ಅಳತೆಯಿಂದ ಹುಟ್ಟಿದ್ದು ಎವರೆಸ್ಟ್ ಗೋಳಾಭ: ಭೂಮಿಯ ಸಮಭಾಜಕ ತ್ರಿಜ್ಯ ಸುಮಾರು 6377.276 ಕಿ.ಮೀ. ಎಂದು ಇಟ್ಟುಕೊಂಡ ಮಾದರಿ. ಸರ್ವೆ ಆಫ್ ಇಂಡಿಯಾದ ನಕ್ಷೆಗಳು ಈ ಮಾದರಿಯನ್ನೂ, ದುಂಡು ನೆಲವನ್ನು ಚಪ್ಪಟೆ ಹಾಳೆಗಿಳಿಸುವ ಪಾಲಿಕೋನಿಕ್ ಪ್ರಕ್ಷೇಪವನ್ನೂ ಅನುಸರಿಸಿದವು. ಅದರ ಹಾಳೆಗಳ ಎಣಿಕೆಯಲ್ಲಿ ಬೀದರ್ ನಗರ 56ಜಿ ಭಾಗಕ್ಕೆ, ಭಾಲ್ಕಿ ಮತ್ತು ಔರಾದ್ 56ಎಫ್ ಭಾಗಕ್ಕೆ ಸೇರುತ್ತವೆ. 18ನೇ ಅಕ್ಷಾಂಶ ನಡುವೆ ಹಾದುಹೋಗುವುದರಿಂದ ಮೂರೂ ಊರುಗಳನ್ನು ಒಂದೇ ಚಿತ್ರದಲ್ಲಿ ನೋಡಬೇಕೆಂದರೆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಬಾಗಿಸಿ, ಜೋಡಿಸಲೇಬೇಕು.

ಕಂಪ್ಯೂಟರಿನ ಪಾಲು ಶುರುವಾದದ್ದು ಬಾಹ್ಯಾಕಾಶದಿಂದ. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ 1964ರಲ್ಲಿ ರೇಂಜರ್ 7 ಕಳಿಸಿದ ಚಂದ್ರನ ಚಿತ್ರಗಳಲ್ಲಿ ಕ್ಯಾಮೆರಾ ತಂದ ವಕ್ರತೆಯನ್ನು ಲೆಕ್ಕದಿಂದ ತಿದ್ದಿತು. 1972ರ ಜುಲೈ 23ರಂದು ಮೇಲೇರಿದ ಮೊದಲ ಲ್ಯಾಂಡ್‌ಸ್ಯಾಟ್ ಈ ತಿದ್ದುಪಡಿಯನ್ನು ದಿನನಿತ್ಯದ ಕೆಲಸವಾಗಿಸಿತು. ಉಪಗ್ರಹ ಸಾಲು ಸಾಲಾಗಿ ನೆಲವನ್ನು ಓದುವಷ್ಟರಲ್ಲಿ ಕೆಳಗಿನ ಭೂಮಿ ಪೂರ್ವಕ್ಕೆ ತಿರುಗಿರುತ್ತದೆ. ಚಿತ್ರವನ್ನು ಹಾಗೇ ಇಟ್ಟರೆ ನೆಲವೆಲ್ಲ ಓರೆಯಾಗಿ ಕಾಣುತ್ತದೆ.

ತಿದ್ದುವ ಕೋಡ್‌ನ ಮುಖ್ಯ ಯುಕ್ತಿ ಮೊದಲ ನೋಟಕ್ಕೆ ತಿರುಗುಮುರುಗಾಗಿ ತೋರುತ್ತದೆ. ಹಳೆಯ ಚಿತ್ರದ ಪಿಕ್ಸೆಲ್ಲುಗಳನ್ನು ಒಂದೊಂದಾಗಿ ಹೊಸ ಜಾಗಕ್ಕೆ ಎಸೆದರೆ ಹೊಸ ಚಿತ್ರದಲ್ಲಿ ಕೆಲವೆಡೆ ತೂತು ಉಳಿಯುತ್ತದೆ, ಕೆಲವೆಡೆ ಒಂದರ ಮೇಲೊಂದು ಬೀಳುತ್ತದೆ. ಆದ್ದರಿಂದ ಕೋಡ್ ಹಿಂದುಮುಂದಾಗಿ ನಡೆಯುತ್ತದೆ: ಖಾಲಿಯಿರುವ ಹೊಸ ಚಿತ್ರದ ಪ್ರತಿ ಪಿಕ್ಸೆಲ್ಲಿನ ಬಳಿ ನಿಂತು, ಹಳೆಯ ಚಿತ್ರದಲ್ಲಿ ಇದರ ಮೂಲ ಎಲ್ಲಿ ಎಂದು ವಿಲೋಮ ಸೂತ್ರದಿಂದ ಹುಡುಕುತ್ತದೆ. ಉತ್ತರ ಸಾಮಾನ್ಯವಾಗಿ ಭಿನ್ನರಾಶಿಯಲ್ಲಿ ಬರುತ್ತದೆ. ಆಗ ಅತಿ ಹತ್ತಿರದ ಒಂದೇ ಪಿಕ್ಸೆಲ್ಲಿನ ಬೆಲೆ ತೆಗೆದುಕೊಳ್ಳಬಹುದು, ಸುತ್ತಲಿನ ನಾಲ್ಕರ ತೂಕದ ಸರಾಸರಿ ಮಾಡಬಹುದು, ಅಥವಾ ಹದಿನಾರರಿಂದ ಘನ ಸೂತ್ರದಲ್ಲಿ ಲೆಕ್ಕ ಹಾಕಬಹುದು. ಈ ಕೊನೆಯದನ್ನು ರಾಬರ್ಟ್ ಕೀಸ್ 1981ರ ಪ್ರಬಂಧದಲ್ಲಿ ವಿಶ್ಲೇಷಿಸಿದ. ನೋಡಲು ಚೆಂದವಾಗಿರುವುದು ಯಾವಾಗಲೂ ಸರಿಯಲ್ಲ. ಬೀದರ್‌ನ ಜಂಬಿಟ್ಟಿಗೆ ನೆಲಕ್ಕೆ 3, ಔರಾದಿನ ಎರೆಭೂಮಿಗೆ 5 ಎಂದು ಸಂಕೇತ ಕೊಟ್ಟ ಮಣ್ಣಿನ ನಕ್ಷೆಯನ್ನು ಸರಾಸರಿಯಿಂದ ಬಾಗಿಸಿದರೆ ಅಂಚಿನಲ್ಲಿ 4 ಹುಟ್ಟುತ್ತದೆ, ಅಂದರೆ ಅಲ್ಲಿ ಇಲ್ಲದ ಮೂರನೆಯ ಮಣ್ಣು. ಇಂಥ ನಕ್ಷೆಗೆ ಹತ್ತಿರದ ಪಿಕ್ಸೆಲ್ಲಿನ ಒರಟು ವಿಧಾನವೇ ತಕ್ಕುದು.

ಇದನ್ನೆಲ್ಲ ಪಠ್ಯವಾಗಿ ಕಟ್ಟಿಕೊಟ್ಟವರು ಪಾಲ್ ಹೆಕ್‌ಬರ್ಟ್, 1989ರ ಬರ್ಕ್ಲಿ ಪ್ರಬಂಧದಲ್ಲಿ, ಮತ್ತು ಜಾರ್ಜ್ ವೋಲ್‌ಬರ್ಗ್, 1990ರ ಗ್ರಂಥದಲ್ಲಿ. ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಜಿಡಾಲ್‌ನಿಂದ ಈ ಕೆಲಸ ಒಂದೇ ಸಾಲಿನ ಆದೇಶಕ್ಕೆ ಇಳಿಯಿತು.

ಭಾರತದಲ್ಲಿ 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಉಡಾವಣೆಯಾದ ಮೇಲೆ ಸ್ವಂತ ಉಪಗ್ರಹದ ಚಿತ್ರಗಳು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಗೆ ಬರತೊಡಗಿದವು. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕ ನಕ್ಷೆಗಳನ್ನು ಎವರೆಸ್ಟ್ ಮಾದರಿಯಿಂದ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಮಾದರಿಗೆ ದಾಟಿಸಿತು. ಈ ದಾಟಿಕೆ ಸಣ್ಣದಲ್ಲ. ಬೀದರ್‌ನಲ್ಲಿ ಹಳೆಯ ಅಕ್ಷಾಂಶ-ರೇಖಾಂಶಗಳನ್ನು ತಿದ್ದದೆ ಹೊಸ ಚಿತ್ರದ ಮೇಲಿಟ್ಟರೆ ನಗರದ ಚೌಬಾರ ಗೋಪುರ ನೂರು ಮೀಟರಿಗಿಂತ ಹೆಚ್ಚು ಆಚೆ ಬೀಳುತ್ತದೆ.

ಸೂತ್ರ ಎಷ್ಟೇ ನಯವಾಗಿರಲಿ, ಫಲ ನಿಂತಿರುವುದು ನಿಯಂತ್ರಣ ಬಿಂದುಗಳ, ಅಂದರೆ ಚಿತ್ರದಲ್ಲೂ ನೆಲದ ಮೇಲೂ ಗುರುತಿಸಬಹುದಾದ ತಾಣಗಳ ಮೇಲೆ. ಸರಳ ಪರಿವರ್ತನೆಗೆ ಆರು ಗುಣಾಂಕ ಬೇಕು, ಅದಕ್ಕೆ ಮೂರು ಬಿಂದು ಸಾಕು; ಎರಡನೆಯ ಘಾತಕ್ಕೆ ಆರು, ಮೂರನೆಯದಕ್ಕೆ ಹತ್ತು. ಬೀದರ್ ಕೋಟೆಯ ಬುರುಜು, ಮಹಮೂದ್ ಗಾವಾನ್ ಮದರಸಾದ ಮೂಲೆ, ರಸ್ತೆಗಳು ಕೂಡುವ ಜಾಗ ಒಳ್ಳೆಯ ಬಿಂದುಗಳು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ನೀರಿನ ಅಂಚು, ಮಾಂಜ್ರಾ ನದಿಯ ದಂಡೆ ಆಗವು. ಮಳೆ ಬಂದಂತೆ ಅವು ಸರಿಯುತ್ತವೆ.

ಇದಕ್ಕಿಂತ ಕಷ್ಟದ್ದು ಗ್ರಾಮ ನಕ್ಷೆ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಂದಾಯ ದಾಖಲೆಗಳು ಹೆಚ್ಚಾಗಿ ಉರ್ದುವಿನಲ್ಲಿದ್ದವು. ಆ ವರ್ಷ ಜಿಲ್ಲೆ ಒಡೆದಾಗ ಉದಗೀರ್, ನಿಲಂಗಾ ಮರಾಠಿ ಭಾಗಕ್ಕೂ ನಾರಾಯಣಖೇಡ್, ಜಹೀರಾಬಾದ್ ತೆಲುಗು ಭಾಗಕ್ಕೂ ಹೋದವು. ಜೊತೆಗೆ ಹಳೆಯ ಕಾಗದ ಎಲ್ಲೆಡೆ ಒಂದೇ ಸಮ ಕುಗ್ಗಿರುವುದಿಲ್ಲ. ಇಂದು ಕರ್ನಾಟಕದ ದಿಶಾಂಕ್ ಆ್ಯಪ್‌ನಲ್ಲಿ ರೈತ ತನ್ನ ಸರ್ವೆ ನಂಬರನ್ನು ನಿಂತಲ್ಲೇ ನೋಡಬಹುದು. ಅದಕ್ಕೆ ಮುಂಚೆ ಗ್ರಾಮ ನಕ್ಷೆಗಳನ್ನು ಹೀಗೆಯೇ ನೆಲಕ್ಕೆ ಹೊಂದಿಸಬೇಕಾಯಿತು.

ಅಂಥ ಹಾಳೆಗಳಿಗೆ ‘ತೆಳುತಗಡು ಸ್ಪ್ಲೈನ್’ ಎಂಬ ವಿಧಾನವಿದೆ. ಅದು ಕೊಟ್ಟ ಪ್ರತಿ ಬಿಂದುವಿನ ಮೂಲಕವೂ ತಪ್ಪದೆ ಹಾದುಹೋಗುತ್ತದೆ, ಹಾಗಾಗಿ ಬಿಂದುಗಳಲ್ಲಿ ಉಳಿಯುವ ಶೇಷದೋಷ ಸೊನ್ನೆ ಎಂದು ತೋರಿಸುತ್ತದೆ. ಈ ಸೊನ್ನೆಯನ್ನು ನಂಬಬಾರದು. ತಪ್ಪಾಗಿ ಗುರುತಿಸಿದ ಗಡಿಕಲ್ಲಿನ ಮೂಲಕವೂ ಅದು ಅಷ್ಟೇ ನಿಖರವಾಗಿ ಹಾದು, ಸುತ್ತಲಿನ ಹೊಲಗಳನ್ನೆಲ್ಲ ತನ್ನತ್ತ ಎಳೆದುಕೊಂಡಿರುತ್ತದೆ. ಲೆಕ್ಕಕ್ಕೆ ಸೇರಿಸದ ಕೆಲವು ಕಲ್ಲುಗಳನ್ನು ಬೇರೆ ಇಟ್ಟು, ಬಾಗಿಸಿದ ನಕ್ಷೆಯನ್ನು ಅವುಗಳ ಎದುರು ಪರೀಕ್ಷಿಸಿ, ಬಂದ ವ್ಯತ್ಯಾಸವನ್ನೂ ಬಿಂದುಗಳ ಪಟ್ಟಿಯನ್ನೂ ನಕ್ಷೆಯ ಜೊತೆಗೇ ಕಾಪಿಡಬೇಕು. 1841ರಲ್ಲಿ ಬೀದರ್ ರೇಖೆಯನ್ನು ಅಳೆದವರು ತಮ್ಮ ಅಂಗುಲಗಳ ವ್ಯತ್ಯಾಸವನ್ನು ಬರೆದಿಟ್ಟದ್ದರಿಂದಲೇ ಆ ಕೆಲಸ ಎಷ್ಟು ಸರಿಯಿತ್ತೆಂದು ಇಂದಿಗೂ ಹೇಳಬಹುದಾಗಿದೆ.